ಕುಡಿಯದವನ ಕೈ ನಡುಕ

ಇಳಕಲ್ಲಿನ ನೇಕಾರ ಕಳಕಪ್ಪನಿಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಾಗಿರಲಿಲ್ಲ. ಲಾಳಿ ಸಿಕ್ಕಿಕೊಂಡರೆ ಲಾಳಿಯ ಮೇಲೆ, ಕರೆಂಟು ಹೋದರೆ ಕಂಬದ ಮೇಲೆ, ಚಹಾ ಆರಿದರೆ ಹೆಂಡತಿಯ ಮೇಲೆ, ಚಹಾ ಸುಟ್ಟರೆ ತನ್ನ ನಾಲಿಗೆಯ ಮೇಲೆಯೇ ಸಿಟ್ಟಾಗುವ ಮನುಷ್ಯ. ಓಣಿಯವರಿಗೆ ಅದು ರೂಢಿಯಾಗಿತ್ತು. ಅವನ ಬೈಗುಳ ಕೇಳದಿದ್ದರೆ ಊರಿಗೆ ಹೋಗಿದ್ದಾನೇನೋ ಅಂದುಕೊಳ್ಳುತ್ತಿದ್ದರು. ಆದರೆ ಒಂದೇ ಒಂದು ಮಾತಿಗೆ ಅವನ ಸಿಟ್ಟು ಖರೆ ಸಿಟ್ಟಾಗುತ್ತಿತ್ತು. ಕಳಕಪ್ಪ ಕುಡಿಯುತ್ತಾನೆ ಎಂಬ ಮಾತು.

ಐವತ್ತು ವರ್ಷದ ಬದುಕಿನಲ್ಲಿ ಸೆರೆಯ ಒಂದು ಹನಿಯನ್ನೂ ಅವನು ನಾಲಿಗೆಗೆ ತಾಗಿಸಿದವನಲ್ಲ. ಅವನ ಅಪ್ಪ ಕುಡಿದು ಕುಡಿದು ಮಗ್ಗದ ಕುಣಿಯಲ್ಲೇ, ನೇಯುವಾಗ ಕಾಲು ಇಳಿಬಿಟ್ಟು ಕೂರುವ ಆ ತಗ್ಗಿನಲ್ಲೇ, ಜೀವ ಬಿಟ್ಟಿದ್ದ. ಆ ಹೆಣವನ್ನು ಕುಣಿಯಿಂದ ಮೇಲೆತ್ತಿದ ಕೈಗಳಲ್ಲಿ ಕಳಕಪ್ಪನವೂ ಇದ್ದವು. ಅಂದಿನಿಂದ ಸೆರೆಯಂಗಡಿಯ ಮುಂದೆ ಹಾಯುವಾಗಲೂ ಮೂಗು ಮುಚ್ಚಿಕೊಂಡು ನಡೆಯುವವನು ಅವನು. ಏನು ಮಾಡುವುದು, ಅವನ ಮೈ ನೋಡಿದವರು ಇದನ್ನು ನಂಬುತ್ತಿರಲಿಲ್ಲ. ಕೋಲಿನಂಥ ಕೈಕಾಲು, ಒಳಸೇರಿದ ಗಲ್ಲ, ಕೆಂಪಡರಿದ ಕಣ್ಣು. ಅದರ ಮೇಲೆ ಅಪ್ಪನ ಹೆಸರು ಬೇರೆ ಬೆನ್ನಿಗೆ ಅಂಟಿಕೊಂಡಿತ್ತು.

ಮೈ ಹೀಗಾಗಿದ್ದಕ್ಕೆ ಕಾರಣ ಹೊಟ್ಟೆಯೊಳಗಿತ್ತು. ಮೀಸೆ ಮೂಡುವ ವಯಸ್ಸಿನಿಂದಲೇ ಅವನಿಗೆ ಹೊಟ್ಟೆನೋವು. ಉಂಡು ಎದ್ದರೆ ಎದೆಗುಂಡಿಗೆಯ ಕೆಳಗೆ ಹಿಡಿದು ಬೆನ್ನಿನತನಕ ಇರಿಯುತ್ತಿತ್ತು. ಮೊಣಕಾಲನ್ನು ಎದೆಗೆ ಒತ್ತಿಕೊಂಡು ಬಿದ್ದಿರುತ್ತಿದ್ದ. ಹೊಕ್ಕುಳ ಸರಿದಿದೆ ಎಂದು ತಿಕ್ಕಿಸಿದರು. ಓಂಕಾಳು ತಿನ್ನಿಸಿದರು, ಸೋಡಾ ಕುಡಿಸಿದರು. ನೋವು ಬಂದಷ್ಟು ದಿನ ಬಂತು, ನಡುವಯಸ್ಸಿಗೆ ತಾನೇ ಕಡಿಮೆಯಾಯಿತು. ಅದು ಹೋಯಿತು ಅನ್ನುವಷ್ಟರಲ್ಲಿ ಬಾಯಾರಿಕೆ ಶುರುವಾಯಿತು. ಎಷ್ಟು ಉಂಡರೂ ಮೈ ಇಳಿಯತೊಡಗಿತು.

ಊರಿನ ಒಂದು ಸಣ್ಣ ಖಾಸಗಿ ದವಾಖಾನೆಯಲ್ಲಿ ಹೊಟ್ಟೆಯ ಸ್ಕ್ಯಾನ್ ಮಾಡಿಸಿದರು. ಅಲ್ಲಿದ್ದ ಡಾಕ್ಟರು ಫೋಟೋ ನೋಡಿದವನು ಕಳಕಪ್ಪನ ಮುಖ ನೋಡದೆ ಕೇಳಿದ.

"ಎಷ್ಟು ವರ್ಷ ಆತು ಕುಡಿಯಾಕ ಹತ್ತಿ?"

"ಏನು ಕುಡಿಯಾಕ?"

"ಮೇದೋಜೀರಕ ಗ್ರಂಥಿ ತುಂಬ ಹರಳು ತುಂಬ್ಯಾವು. ಸುಮ್ಮ ಸುಮ್ಮನ ತುಂಬತಾವೇನು? ಖರೆ ಹೇಳು, ದಿನಾ ಎಷ್ಟು?"

"ನೀರಂತೂ ಹುಟ್ಟಿದಾಗಿಂದ ಕುಡಿಯಾಕತ್ತೇನ್ರಿ. ಅದನ್ನ ಬರಕೋರಿ," ಎಂದ ಕಳಕಪ್ಪ. ಹೇಳಿದವನು ಅಷ್ಟಕ್ಕೇ ಬಿಡಲಿಲ್ಲ. ಫೋಟೋವನ್ನು ಡಾಕ್ಟರನ ಕೈಯಿಂದ ಕಿತ್ತುಕೊಂಡು, ಹೊರಗೆ ಕುಳಿತಿದ್ದ ಹತ್ತು ಮಂದಿಗೆ ಕೇಳುವಂತೆ ಅವನ ಓದಿಗೂ ಅವನ ಕುರ್ಚಿಗೂ ಬೈದು ಬಂದ. ಹಿಂದೆ ಬಂದ ಹೆಂಡತಿ ಅಂಬವ್ವ ಸೆರಗು ಹೊದ್ದು ತಲೆ ತಗ್ಗಿಸಿಕೊಂಡು ನಡೆದಳು.

ಮುಂದೆ ಬಾಗಲಕೋಟೆಯ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದವಳೂ ಅವಳೇ. ಅಲ್ಲಿ ಡಾಕ್ಟರಬಾಯಿ ಪ್ರಿಯದರ್ಶಿನಿ ಅದೇ ಫೋಟೋ ನೋಡಿದಳು. ಎಷ್ಟನೇ ವಯಸ್ಸಿನಲ್ಲಿ ಹೊಟ್ಟೆನೋವು ಶುರುವಾಯಿತು ಎಂದು ಕೇಳಿದಳು. ಹದಿನೈದು ಹದಿನಾರು ಇರಬೇಕು ಎಂದಾಗ ಪೆನ್ನು ಕೆಳಗಿಟ್ಟಳು.

"ಆ ವಯಸ್ಸಿನಾಗ ಯಾರು ಕುಡೀತಾರ. ಕುಡಿಲಾರದ ಮಂದಿಗೂ ಈ ಹರಳು ಆಗ್ತಾವ್ರಿ ಕಳಕಪ್ಪನವರ. ನಮ್ಮ ಸೀಮಿಯೊಳಗ ಇಂಥವರನ್ನ ನೋಡೇನಿ."

ಬೈಯಲು ತಯಾರಾಗಿ ಬಂದಿದ್ದ ಕಳಕಪ್ಪ ಬಾಯಿ ಖಾಲಿಯಾಗಿ ಕುಳಿತ.

ಸಕ್ಕರೆ ಬೇನೆ ಆಗಿದೆ, ಆದರೆ ಎಲ್ಲ ಮಂದಿಗೆ ಆಗುವಂಥದ್ದಲ್ಲ ಎಂದಳು ಡಾಕ್ಟರಬಾಯಿ. ಇನ್ಸುಲಿನ್ ಹುಟ್ಟಬೇಕಾದ ಗ್ರಂಥಿಯೇ ಹರಳಿನಿಂದ ಸುಟ್ಟುಹೋಗಿದೆ, ಆದ್ದರಿಂದ ಸೂಜಿ ಚುಚ್ಚಿಕೊಳ್ಳಲೇಬೇಕು. ಮುಂಜಾನೆ ಆರು ಪಾಯಿಂಟ್, ರಾತ್ರಿ ನಿಧಾನಕ್ಕೆ ಇಳಿಯುವ ಬೇರೊಂದು ಔಷಧಿ ನಾಲ್ಕು ಪಾಯಿಂಟ್.

"ಅಷ್ಟ ಸಾಕೇನ್ರಿ ಬಾಯಾರ? ನಮ್ಮ ಸಾವ್ಕಾರ ಶಿವಪುತ್ರ ನಲವತ್ತು ಹಾಕ್ಕೋತಾರ."

"ನಿಮ್ಮ ಸಾವ್ಕಾರ್ರು ದಪ್ಪ ಅದಾರೇನು?"

"ಎಮ್ಮಿ ಆಗ್ಯಾರ್ರಿ."

ಅವಳು ನಕ್ಕಳು. ಆಮೇಲೆ ಬಿಡಿಸಿ ಹೇಳಿದಳು. ನಮ್ಮ ಮೈಯ ಒಂದೊಂದು ಕಣದ ಮೇಲೂ ಇನ್ಸುಲಿನ್ ಬಂದು ಸಿಕ್ಕಿಕೊಳ್ಳುವ ಜಾಗಗಳಿರುತ್ತವೆ. ಅಲ್ಲಿ ಅದು ಸಿಕ್ಕಿಕೊಂಡರೆ ಮಾತ್ರ ರಕ್ತದೊಳಗಿನ ಸಕ್ಕರೆ ಕಣದೊಳಕ್ಕೆ ಹೋಗುತ್ತದೆ.

"ಕೊಂಡಿ ಇದ್ದಂಗ ಅನ್ರಿ," ಎಂದ ಕಳಕಪ್ಪ. ಇಳಕಲ್ ಸೀರೆಯ ಒಡಲಿನ ಎಳೆಯೇ ಬೇರೆ, ಸೆರಗಿನ ಎಳೆಯೇ ಬೇರೆ. ಒಂದೊಂದು ಸೀರೆಗೂ ಎಳೆಗೆ ಎಳೆ ಕೊಂಡಿ ಹಾಕಿ ಸಿಗಿಸಬೇಕು. ಅಂಬವ್ವನ ಬೆರಳು ಅದರಲ್ಲೇ ಸವೆದಿದ್ದವು.

"ಹಂಗ ಅನ್ಕೋರಿ. ನಿಮ್ಮ ಸಾವ್ಕಾರ್ರ ಮೈಯಾಗ ಇನ್ಸುಲಿನ್ ಐತಿ, ಕೊಂಡಿ ಸರಿಯಾಗಿ ಹಿಡೀವಲ್ಲವು. ಅದಕ್ಕ ಅವರು ಸುರಕೋಬೇಕು. ನಿಮ್ಮಂಥವರೊಳಗ ಉಲ್ಟಾ. ಎಳಿನ ಬಂದಿಲ್ಲ, ಕೊಂಡಿ ಹಸದು ಕುಂತಾವು. ಒಂದೀಟು ಬಂದ್ರ ಎಲ್ಲಾ ಹಿಡಕೊಂಡು ಸಕ್ಕರಿ ದಡಕ್ಕನ ಇಳಿಸಿಬಿಡತಾವು. ಮಂದಿಗೆ ಸಕ್ಕರಿ ಇಳಿದ್ರ ಮತ್ತ ಎತ್ತಾಕ ಇನ್ನೊಂದು ರಸ ಅದೇ ಗ್ರಂಥಿಯಾಗ ಹುಟ್ಟತೈತಿ. ನಿಮಗ ಅದೂ ಕಮ್ಮಿ. ಬಿದ್ರ ಎತ್ತೋರಿಲ್ಲ. ಉಪವಾಸ ಇರಬ್ಯಾಡ್ರಿ, ಸೂಜಿ ಹೆಚ್ಚು ಮಾಡಬ್ಯಾಡ್ರಿ. ಕೈ ನಡುಗಿ ಬೆವರು ಬಂದ್ರ ಮೊದಲ ಬಾಯಾಗ ಸಕ್ಕರಿ ಹಾಕ್ಕೋರಿ, ಆಮ್ಯಾಲೆ ಮುಂದಿನ ಮಾತು."

ಊರಿಗೆ ಬರುವಾಗ ಬಸ್ಸಿನಲ್ಲಿ ಕಳಕಪ್ಪ ಯಾರಿಗೂ ಬೈಯಲಿಲ್ಲ. ಅಂಬವ್ವನಿಗೆ ಹೆದರಿಕೆಯಾಯಿತು.

ಒಂದೆರಡು ತಿಂಗಳು ಎಲ್ಲವೂ ಹದದಲ್ಲಿ ನಡೆಯಿತು. ಆಮೇಲೆ ಬೀಗರ ಮನೆಯ ಒಂದು ಮದುವೆ ಬಂತು. ಕಳಕಪ್ಪ ಹೋಳಿಗೆ ತಿಂದ. ಮರುದಿನ ಮುಂಜಾನೆ ಬೆರಳು ಚುಚ್ಚಿ ನೋಡಿದರೆ ಮಷೀನಿನ ಅಂಕಿ ಏರಿ ಕುಳಿತಿತ್ತು. ಅಂಕಿಗೂ ಬೈದ. ಆ ಹೊತ್ತಿಗೆ ಸರಿಯಾಗಿ ಮಗ್ಗದ ಕೆಲಸ ನೋಡಲು ಸಾವ್ಕಾರ ಶಿವಪುತ್ರ ಬಂದ. ಕಳಕಪ್ಪನ ಮನೆಗೆ ನೂಲು ಕೊಡುವವನೂ ಅವನೇ, ನೇಯ್ದ ಸೀರೆ ಒಯ್ಯುವವನೂ ಅವನೇ.

"ಆರು ಪಾಯಿಂಟಾ? ಅದೇನು ಸೊಳ್ಳಿಗೆ ಹಾಕ್ತಾರೇನಲೇ? ನಾ ನಲವತ್ತು ಹಾಕ್ಕೋತೇನಿ. ನನ್ನ ಅರ್ಧ ತೂಕ ಅದಿ ನೀ. ಇಪ್ಪತ್ತು ಹಾಕ್ಕೊ, ಮಧ್ಯಾಹ್ನದಾಗ ಹದಕ್ಕ ಬರತೈತಿ."

ಕಳಕಪ್ಪನಿಗೆ ಲೆಕ್ಕ ಸರಿ ಅನಿಸಿತು. ನೇಕಾರನ ತಲೆ ಅದು. ಆರು ವಾರಿ ಸೀರೆಗೆ ಇಷ್ಟು ನೂಲಾದರೆ ಮೂರು ವಾರಿಗೆ ಅದರ ಅರ್ಧ. ತೂಕ ಅರ್ಧವಾದರೆ ಔಷಧಿಯೂ ಅರ್ಧ. ಹಸಿದ ಕೊಂಡಿಗಳ ಮಾತು ಆ ಹೊತ್ತಿನಲ್ಲಿ ನೆನಪಿಗೆ ಬರಲಿಲ್ಲ. ಸೂಜಿಗೆ ಇಪ್ಪತ್ತು ಎಳೆದು ಹೊಟ್ಟೆಗೆ ಚುಚ್ಚಿಕೊಂಡು, ರೊಟ್ಟಿ ಮುರಿಯದೆ ಕುಣಿಗೆ ಇಳಿದ. ಏರಿದ ಸಕ್ಕರೆ ಇಳಿಯಲಿ, ಆಮೇಲೆ ಉಣ್ಣುತ್ತೇನೆ ಎಂದುಕೊಂಡ.

ಸ್ವಲ್ಪ ಹೊತ್ತಿಗೆ ಅಂಬವ್ವ ಉಣ್ಣಲು ಕರೆದಳು. ಅವನು ಬಾಯಿಗೆ ಬಂದಂತೆ ಬೈದ. ಎಂದಿನದೇ ಎಂದುಕೊಂಡು ಅವಳು ಕೊಡ ಎತ್ತಿಕೊಂಡು ನಳದ ಕಡೆ ಹೊರಟುಹೋದಳು. ಇವತ್ತು ಬೈದಿದ್ದು ಅತಿಯಾಯಿತು, ಕೂಗಿ ಕರೆದರೂ ಬರಬಾರದು ಎಂದು ಅಲ್ಲೇ ಹೆಂಗಸರ ಜೊತೆ ಮಾತಿಗೆ ಕುಳಿತಳು.

ಇತ್ತ ಹೊರಟುಹೋಗಿದ್ದ ಶಿವಪುತ್ರ ಮತ್ತೆ ಇಬ್ಬರು ಗಿರಾಕಿಗಳನ್ನು ಮಗ್ಗ ತೋರಿಸಲು ಕರೆದುಕೊಂಡು ಬಂದ. ಕಳಕಪ್ಪನಿಗೆ ಬಾಗಿಲಲ್ಲಿ ನಿಂತವರು ಯಾರೆಂದು ಗೊತ್ತಾಗಲಿಲ್ಲ. ಮೈಯಿಂದ ನೀರು ಸುರಿದ ಹಾಗೆ ಬೆವರು. ಮಗ್ಗದ ಹಾಸಿನ ಎಳೆಗಳು ಹುಳಗಳಂತೆ ಹರಿದಾಡುತ್ತಿದ್ದವು. ಅವನ್ನು ಹಿಡಿಯಬೇಕು ಅನಿಸಿತು. ಸೆರಗಿನ ಕೆಂಪು ರೇಷ್ಮೆಯನ್ನು ಎರಡೂ ಕೈಯಿಂದ ಹಿಡಿದು ಹರಿದ. ಶಿವಪುತ್ರ ಕೈ ಹಿಡಿಯಲು ಬಂದಾಗ ತೊದಲುತ್ತ ಅವನ ತಾಯಿಯ ಹೆಸರೆತ್ತಿ ಬೈದು, ಲಾಳಿ ಬೀಸಿ ಒಗೆದ. ಆಮೇಲೆ ಕುಣಿಯ ಅಂಚಿಗೆ ಕುಸಿದ.

"ಮುಂಜಾನಿಂದನ ಏರಿಸ್ಯಾನ," ಎಂದ ಶಿವಪುತ್ರ ಗಿರಾಕಿಗಳಿಗೆ. "ಇವರಪ್ಪನೂ ಹಿಂಗ."

ನಾಲ್ಕು ಮಂದಿ ಸೇರಿ ಅವನನ್ನು ಕಟ್ಟೆಯ ಮೇಲೆ ಮಲಗಿಸಿದರು. ಅಮಲು ಇಳಿಯಲೆಂದು ಬಾಯಿಗೆ ಲಿಂಬೆಹಣ್ಣು ಹಿಂಡಿದರು, ಉಪ್ಪು ಹಾಕಿದ ಮಜ್ಜಿಗೆ ಸುರಿದರು. ಮಲಗಲಿ ಬಿಡ್ರಿ, ನಿದ್ದಿಯೊಳಗ ಇಳೀತೈತಿ ಎಂದು ತಮ್ಮ ತಮ್ಮ ಕೆಲಸಕ್ಕೆ ಹೋದರು. ಒಬ್ಬ ಮನುಷ್ಯ ಕಣ್ಣೆದುರಿಗೆ ಸಾಯುತ್ತಿದ್ದಾನೆ, ಇವರು ಅವನನ್ನು ತಟ್ಟಿ ಮಲಗಿಸಿ ಹೋದರು.

ಪಕ್ಕದ ಮನೆಯಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತುವ ಮುದುಕಿ ಗುಲಾಬಬಿ ಸುತ್ತಿದ ಕಂಡಿಕೆ ಕೊಡಲು ಬಂದವಳು ಕಟ್ಟೆಯ ಮುಂದೆ ನಿಂತಳು. ಹಣೆ ಮುಟ್ಟಿದಳು, ಬಾಯಿಯ ಹತ್ತಿರ ಮೂಗು ಒಯ್ದಳು. ಆಮೇಲೆ ನಳದ ಕಡೆ ಕೂಗುತ್ತ ಓಡಿದಳು.

"ಏ ಅಂಬವ್ವಾ, ಕುಡದಾನ ಅಂತಾರ, ವಾಸನಿನ ಇಲ್ಲವಾ. ಹಿಮದಂಗ ತಣ್ಣಗ ಆಗ್ಯಾನ."

ಅಂಬವ್ವ ಕೊಡ ಬಿಟ್ಟು ಬಂದು ಬೆಲ್ಲ ಕುಟ್ಟಿ ಅವನ ಗಲ್ಲದ ಒಳಗೆ ತಿಕ್ಕಿದಳು. ದವಾಖಾನೆಗೆ ಒಯ್ದು ಗ್ಲುಕೋಸ್ ಏರಿಸಿದ ಮೇಲೆ ಅವನು ಕಣ್ಣು ಬಿಟ್ಟ.

ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಸಕ್ಕರೆ ಇಳಿದಿತ್ತು ಅಂತ ದವಾಖಾನೆಯವರೇ ಹೇಳಿದ್ದಾರೆ ಎಂದರೆ, ಕುಡಿದರೂ ಸಕ್ಕರೆ ಇಳಿಯುತ್ತದಂತೆ ಎಂದು ಶಿವಪುತ್ರ ಎಲ್ಲಿಂದಲೋ ಕೇಳಿಕೊಂಡು ಬಂದು ಓಣಿಯಲ್ಲಿ ಹೇಳಿದ. ಇಪ್ಪತ್ತು ಹಾಕಿಕೋ ಅಂದವರು ನೀವೇ ಅಲ್ಲವೇ ಎಂದು ಕಳಕಪ್ಪ ಅವನ ಅಂಗಡಿಗೆ ಹೋಗಿ ಕೇಳಿದ.

"ನಾ ಅಂದ್ನಾ? ನಾ ಏನು ಡಾಕ್ಟರ?" ಎಂದ ಶಿವಪುತ್ರ, ಗಿರಾಕಿಯ ಮುಂದೆ ಸೀರೆ ಬಿಡಿಸುತ್ತ. "ನಮ್ಮ ಸಾವ್ಕಾರ ಮಂದಿಯೊಳಗ ಒಂದು ಮಾತೈತಿ. ಕುಡುಕರ ಕೈಗೆ ನೂಲು ಕೊಡಂಗಿಲ್ಲ. ನಾ ಕೊಡದಿದ್ರ ಇನ್ನೊಬ್ಬನೂ ಕೊಡಂಗಿಲ್ಲ. ನೀ ಕುಡಿದಿಲ್ಲ ಅಂದ್ರ ಬನಶಂಕರಿ ತಾಯಿ ಗುಡಿಗೆ ಬಂದು ಆಣಿ ಮಾಡು."

ಮಗ್ಗ ಬರಿದಾಯಿತು. ಹದಿನಾಲ್ಕರ ವಯಸ್ಸಿನಿಂದ ಕೂತ ಕುಣಿ ಅದು. ಆ ಕುಣಿ ಬಿಟ್ಟರೆ ಕಳಕಪ್ಪನಿಗೆ ಬೇರೆ ಜಾಗವಿರಲಿಲ್ಲ, ಬೇರೆ ಕೆಲಸ ಮೈಗೆ ಆಗುತ್ತಲೂ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅಪ್ಪನ ಹಣೆಬರಹವನ್ನು ತನ್ನ ಹಣೆಗೆ ಅಂಟಿಸಿ ಮನೆಯಲ್ಲಿ ಕೂರಿಸುತ್ತಿದ್ದಾರಲ್ಲ ಎಂಬುದು ಅವನನ್ನು ಒಳಗೇ ಸುಡುತ್ತಿತ್ತು.

ಆಣೆಗೆ ಒಂದು ಕಟ್ಟಳೆ ಇತ್ತು. ಗುಡಿಯ ಮುಂದಿನ ಹೊಂಡದಲ್ಲಿ ಮುಳುಗೆದ್ದು ಒದ್ದೆ ಬಟ್ಟೆಯಲ್ಲಿ, ಹಸಿದ ಹೊಟ್ಟೆಯಲ್ಲಿ ನಿಲ್ಲಬೇಕು. ಅಂಗೈಯ ಮೇಲೆ ವೀಳ್ಯದೆಲೆ, ಎಲೆಯ ಮೇಲೆ ಉರಿಯುವ ಕರ್ಪೂರ. ಅದು ಆರುವತನಕ ಕೈ ನಡುಗಬಾರದು. ನಡುಗಿದರೆ ಸುಳ್ಳ ಎಂದು ಲೆಕ್ಕ. ಆಣೆ ಮಾಡಿಸುವವನು ನೇಕಾರ ಮಂದಿಯ ಹಿರಿಯ ಚಂದಪ್ಪ.

"ಉಪವಾಸ ಇರಬ್ಯಾಡ್ರಿ ಅಂದಾಳ ಡಾಕ್ಟರಬಾಯಿ," ಎಂದಳು ಅಂಬವ್ವ.

"ಡಾಕ್ಟರಬಾಯಿ ನೂಲು ಕೊಡ್ತಾಳೇನು?"

ಮುಂಜಾನೆಯ ಸೂಜಿ ಬಿಟ್ಟರೆ ಆಯಿತು ಎಂದುಕೊಂಡ. ಹಿಂದಿನ ರಾತ್ರಿ ಚುಚ್ಚಿಕೊಂಡ ಔಷಧಿ ಮರುದಿನವೂ ಮೈಯೊಳಗೆ ಹರಿಯುತ್ತಿರುತ್ತದೆ ಎಂಬುದನ್ನು ಸಿಟ್ಟಿನಲ್ಲಿ ಮರೆತ. ಆ ರಾತ್ರಿ ತಾಟು ತಳ್ಳಿ ಎದ್ದಿದ್ದ ಬೇರೆ.

ಶುಕ್ರವಾರ ಶಿವಪುತ್ರನ ಕ್ರೂಸರ್ ಗಾಡಿಯಲ್ಲಿ ಅಂಬವ್ವನೂ ಸೇರಿ ಏಳೆಂಟು ಮಂದಿ ಹೊರಟರು. ಹುನಗುಂದ ದಾಟಿ ಅಮೀನಗಡದಲ್ಲಿ ಗಾಡಿ ನಿಲ್ಲಿಸಿ ಎಲ್ಲರೂ ಚಹಾ ಕುಡಿದರು, ಕರದಂಟು ತಿಂದರು. ಕಳಕಪ್ಪ ಗಾಡಿಯಲ್ಲೇ ಕುಳಿತು ಅವರ ದವಡೆಗಳನ್ನು ನೋಡಿದ. ಹಿರಿಯ ಚಂದಪ್ಪ ಹಲ್ಲಿನ ಸಂದಿಯ ಗೇರುಬೀಜ ತೆಗೆಯುತ್ತ ಬಂದು, "ಹಸದ ಹೊಟ್ಟಿಯೊಳಗ ಸತ್ಯ ಇರತೈತಪಾ," ಎಂದ.

"ಹಂಗಾರ ನೀವು ಈಗ ಸುಳ್ಳ ಆದ್ರಿ, ಕಾಕಾ," ಎಂದ ಕಳಕಪ್ಪ.

ಬನಶಂಕರಿಯಲ್ಲಿ ಮಂದಿ ನೆರೆದಿತ್ತು. ಚೊಳಚಗುಡ್ಡದ ಹೆಂಗಸರು ಬುಟ್ಟಿಯಲ್ಲಿ ರೊಟ್ಟಿ, ಪಲ್ಲೆ, ಕುಡಿಕೆಯಲ್ಲಿ ಮೊಸರು ಇಟ್ಟುಕೊಂಡು ಗಿರಾಕಿ ಕರೆಯುತ್ತಿದ್ದರು. ಅಂಬವ್ವ ತಾಯಿಗೆ ಏರಿಸಲು ಕಾಯಿ, ಹೂವು, ಒಂದು ಪೊಟ್ಟಣ ಸಕ್ಕರೆ ಬತ್ತಾಸು ಕೊಂಡಳು. ಕಳಕಪ್ಪ ಹೊಂಡದಲ್ಲಿ ಮುಳುಗೆದ್ದು ಮೆಟ್ಟಿಲ ಮೇಲೆ ನಿಂತ. ನೋಡಿದರೆ ಕರ್ಪೂರ ತಂದಿಲ್ಲ. ಚಂದಪ್ಪ ತರಲು ಹೋದವನು ದಾರಿಯಲ್ಲಿ ಯಾರೋ ಪರಿಚಯದವರು ಸಿಕ್ಕರೆಂದು ಮಾತಿಗೆ ನಿಂತ.

ಒದ್ದೆ ಧೋತರ ಮೈಗೆ ಅಂಟಿತ್ತು. ಮೊದಲು ಕಳಕಪ್ಪನಿಗೆ ಚಂದಪ್ಪನ ಮೇಲೆ ಸಿಟ್ಟು ಬಂತು. ಆಮೇಲೆ ಮೆಟ್ಟಿಲ ಮೇಲೆ. ಆಮೇಲೆ ನೀರಿನ ಮೇಲೆ, ಯಾಕೆಂದರೆ ನೀರು ಸುಮ್ಮನೆ ನಿಲ್ಲುತ್ತಿರಲಿಲ್ಲ. ಹೊಂಡದ ಸುತ್ತಲಿನ ಕಲ್ಲುಕಂಬಗಳು ಒಂದರ ಹಿಂದೆ ಒಂದು ನಡೆಯತೊಡಗಿದವು. ಕರ್ಪೂರ ಬಂತು. ಎಲೆ ಅಂಗೈಗೆ ಬಂತು. ಎಲೆ ತಟತಟ ಕುಣಿಯಿತು. ಅವನು ಏನೋ ಬೈದ, ಏನು ಬೈದೆನೆಂದು ಅವನಿಗೇ ತಿಳಿಯಲಿಲ್ಲ.

"ನೋಡಿದ್ರಲ್ಲ," ಎಂದ ಶಿವಪುತ್ರ. "ಕೈ ನಡುಗ್ತು. ಮಾತು ಮುಗೀತು."

ಅಂಬವ್ವ ಗಂಡನ ಮುಖವನ್ನೇ ನೋಡುತ್ತಿದ್ದಳು. ನಳದ ಕಡೆ ಹೋಗಿ ಕುಳಿತ ಆ ಮುಂಜಾನೆಯಿಂದ ಅವಳು ಅವನ ಮುಖ ಬಿಟ್ಟು ಬೇರೆ ನೋಡಿದವಳಲ್ಲ. ಮಂದಿಯನ್ನು ಸರಿಸಿ ಮುಂದೆ ಬಂದಳು.

"ಇದು ಇವರ ಸಿಟ್ಟಲ್ಲ. ಇವರ ಸಿಟ್ಟಿನ ಜೋಡಿ ಬಾಳೇ ಮಾಡೇನಿ, ನನಗ ಗೊತ್ತೈತಿ. ಇವರು ಬೈದ್ರ ಎದುರಿಗಿದ್ದವರ ಕಣ್ಣಾಗ ಕಣ್ಣಿಟ್ಟು ಬೈತಾರ. ಈಗ ಯಾರನ್ನ ನೋಡಾಕತ್ತಾರ, ಹೇಳ್ರಿ."

ಹೇಳುತ್ತಲೇ ಪೊಟ್ಟಣ ಹರಿದು ಬತ್ತಾಸುಗಳನ್ನು ಅವನ ಬಾಯಿಗೆ ತುರುಕಿದಳು. ಉಗುಳದಂತೆ ಗದ್ದ ಒತ್ತಿ ಹಿಡಿದಳು.

"ಏ ಅಂಬವ್ವ, ತಾಯಿಗೆ ಏರಿಸೋದು ಅದು," ಎಂದ ಚಂದಪ್ಪ. "ಆಣಿ ಕೆಡತೈತಿ."

"ಕೆಡ್ಲಿ. ತಾಯಿ ಅಂದ್ರ ಹಸದ ಮಗಗ ಇಲ್ಲ ಅಂತಾಳೇನು? ಅಗಿರೀ, ನುಂಗ್ರೀ."

ಅವನನ್ನು ಮೆಟ್ಟಿಲ ಮೇಲೆ ಕೂರಿಸಿದಳು. ರೊಟ್ಟಿ ಮಾರುವ ಒಬ್ಬ ಹೆಂಗಸು ಕೇಳದೆಯೇ ಮೊಸರಿನ ಕುಡಿಕೆ ತಂದಿಟ್ಟಳು. ಮಂದಿ ಗುಸುಗುಸು ಅನ್ನುತ್ತ ನಿಂತಿತು. ಕಂಬಗಳು ಒಂದೊಂದಾಗಿ ತಮ್ಮ ತಮ್ಮ ಜಾಗಕ್ಕೆ ಬಂದು ನಿಂತವು. ಕಳಕಪ್ಪನಿಗೆ ಮೊದಲು ಬಾಯಿಯ ಸಿಹಿ ತಿಳಿಯಿತು, ಆಮೇಲೆ ಹೆಂಡತಿಯ ಮುಖ, ಆಮೇಲೆ ಶಿವಪುತ್ರನ ಮುಖ. ಬಾಯಿ ಒರೆಸಿಕೊಂಡು ಎದ್ದು ಕೈ ಚಾಚಿದ.

"ಕಾಕಾ, ಕರ್ಪೂರ ಇಡ್ರಿ."

"ನೀ ಉಂಡಿ. ಉಂಡವನ ಆಣಿ ನಡಿಯಂಗಿಲ್ಲ."

"ಆಣಿ ಯಾರು ಮಾಡ್ತಾರ? ಕರ್ಪೂರ ಇಡ್ರಿ ಅಂದೆ."

ಚಂದಪ್ಪ ಶಿವಪುತ್ರನ ಕಡೆ ನೋಡಿ, ಹೊಸ ಎಲೆ ಇಟ್ಟು, ಕರ್ಪೂರ ಹಚ್ಚಿದ. ಕಳಕಪ್ಪ ಒಂದು ಮಾತೂ ಆಡದೆ ನಿಂತ. ಉರಿ ನೆಟ್ಟಗೆ ಎದ್ದಿತು. ಎಲೆ ಕಪ್ಪಾಗಿ ಅಂಗೈ ಸುಟ್ಟರೂ ಕೈ ಕದಲಲಿಲ್ಲ. ಆರಿದ ಮೇಲೆ ಬೂದಿಯನ್ನು ಊದಿ ಬಾಯಿ ತೆಗೆದ.

"ಮುಂಜಾನಿಂದ ನನ್ನ ಮಗ್ಗಲಾಗ ಅದೀರಿ ಎಲ್ಲಾರೂ. ನಾ ಎಲ್ಲಿ ಕುಡಿದೆ, ಹೇಳ್ರಿ. ನೀರು ಸೈತ ಕುಡಿದಿಲ್ಲ. ಅವತ್ತು ಹೆಂಗ ನಡುಗಿದ್ನೋ ಇವತ್ತೂ ಹಂಗ ನಡುಗಿದೆ. ಬತ್ತಾಸು ತಿಂದೆ, ನಡುಕ ನಿಂತಿತು. ಸೆರಿ ಬತ್ತಾಸಿಗೆ ಇಳಿಯೋದಾದ್ರ ಊರಾಗ ಇಷ್ಟು ಮಂದಿ ಹೆಣ್ಣಮಕ್ಕಳು ಯಾಕ ಅಳ್ತಿದ್ರು? ನನ್ನ ಬಾಯಾಗ ಲಿಂಬಿಹಣ್ಣು ಹಿಂಡಿ ಸಾಯಾಕ ಬಿಟ್ಟು ಹೋದ್ರಲ್ಲ, ಒಬ್ಬನಾರ ಮೂಗು ಹಚ್ಚಿ ನೋಡಿದ್ರೇನು? ಸಾವ್ಕಾರ, ಈಗ ನೀವು ಹೇಳ್ರಿ. ಇಪ್ಪತ್ತು ಹಾಕ್ಕೊ ಅಂದವರು ಯಾರು?"

ಶಿವಪುತ್ರ ಹೊಂಡದ ನೀರು ನೋಡಿದ. "ಅಂದಿರಬೇಕು."

"ಅಂದಿರಬೇಕು ಅಲ್ಲ."

"ಅಂದೆ. ನನಗೇನು ಗೊತ್ತು, ನಿನ್ನ ಬ್ಯಾನಿ ಬ್ಯಾರೆ ಅಂತ."

"ಗೊತ್ತಿಲ್ಲದ್ದು ತಪ್ಪಲ್ಲ. ಡಾಕ್ಟರಬಾಯಿ ಹೇಳಿದ್ದು ಬಿಟ್ಟು ನಿಮ್ಮ ಮಾತು ಕೇಳಿದ ಕತ್ತೆ ನಾ. ಆದ್ರ ಅಂದ ಮಾತು ಅಂದಿಲ್ಲ ಅಂದ್ರಲ್ಲ, ಅದಕ್ಕ ಏನಂತೀರಿ?"

ಚಂದಪ್ಪ ಕೆಮ್ಮಿ, ಹೊತ್ತಾಯಿತು, ದರ್ಶನ ಮುಗಿಸಿ ಹೋಗೋಣ ಎಂದ. ಕಳಕಪ್ಪ ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಎರಡು ರೊಟ್ಟಿ ಮುರಿದು ಉಂಡ. ಎಲ್ಲರೂ ಅವನು ಉಣ್ಣುವುದನ್ನು ಕಾಯಬೇಕಾಯಿತು, ಅವನೂ ಅವಸರ ಮಾಡಲಿಲ್ಲ.

ಗಾಡಿ ಹತ್ತುವಾಗ ಶಿವಪುತ್ರ ಮೆಲ್ಲಗೆ ಹೇಳಿದ. "ನಾಳಿ ನೂಲು ಕಳಸ್ತೇನಿ, ತಗೋ."

"ಕಳಸೋದು ಬ್ಯಾಡ. ನೀವ ತರ್ರಿ."

ಎರಡು ದಿನ ಯಾರೂ ಬರಲಿಲ್ಲ. ಆ ಎರಡು ದಿನವೂ ಕಳಕಪ್ಪ ಬರಿದಾದ ಕುಣಿಯ ಅಂಚಿನಲ್ಲಿ ಕುಳಿತು, ಆಣೆ ಮಾಡಿ ಸುಮ್ಮನೆ ಬಂದಿದ್ದರೆ ಆಗುತ್ತಿತ್ತೇನೋ ಎಂದು ಒಮ್ಮೆ, ಇನ್ನೂ ನಾಲ್ಕು ಮಾತು ಬೈಯಬೇಕಿತ್ತು ಎಂದು ಹತ್ತು ಸಲ ಅಂದುಕೊಂಡ. ಸೋಮವಾರ ಓಣಿಯ ತುಂಬ ಬಿಸಿಲು ಬಿದ್ದ ಹೊತ್ತಿಗೆ ಶಿವಪುತ್ರ ಸ್ಕೂಟರಿನ ಮುಂದೆ ನೂಲಿನ ಗಂಟು ಇಟ್ಟುಕೊಂಡು ಬಂದ. ದಪ್ಪ ಮೈ, ಇಳಿಯುವಷ್ಟರಲ್ಲಿ ಏದುಸಿರು. ಗಂಟು ಹೊತ್ತು ಬಾಗಿಲಿಗೆ ಬಂದು ನಿಂತ. ಕಟ್ಟೆಗಳ ಮೇಲಿದ್ದ ಮಂದಿ ಇತ್ತ ತಿರುಗಿತು. ಗುಲಾಬಬಿ ಕಂಡಿಕೆ ಸುತ್ತುವ ರಾಟಿ ನಿಲ್ಲಿಸಿ ಕತ್ತು ಹೊರಗೆ ಹಾಕಿದಳು.

"ಬಿಸಲಾಗ ಯಾಕ ನಿಂತ್ರಿ, ಒಳಗ ಬರ್ರಿ ಸಾವ್ಕಾರ," ಎಂದಳು ಅಂಬವ್ವ.

"ಸ್ವಲ್ಪ ನಿಲ್ಲಲಿ," ಎಂದ ಕಳಕಪ್ಪ. ಕುಣಿಗೆ ಇಳಿದು, ಬರಿದಾದ ಮಗ್ಗವನ್ನು ಅರಿವೆಯಿಂದ ಒರೆಸತೊಡಗಿದ. "ಓಣಿ ನೋಡ್ಲಿ."